ಮಾತು ಬಾರದವಳ ಎಂಟನೇ ಕರೆ

ಹದಿನಾರನೇ ತಾರೀಕು, ಮಂಗಳವಾರ. ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಇಬ್ಬರು ಹೆಂಗಸರು ಠಾಣೆಯ ಮೆಟ್ಟಿಲು ಹತ್ತಿದರು. ಹಿಂದೆಯೇ ಒಬ್ಬ ಗಂಡಸು, ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದ ಹೆಣ್ಣುಮಗು. ಠಾಣೆಗೆ ಬರುವವರು ಸಾಮಾನ್ಯವಾಗಿ ಬಾಗಿಲಲ್ಲೇ ಗೋಳು ಶುರು ಮಾಡುತ್ತಾರೆ. ಇವರು ಸದ್ದಿಲ್ಲದೆ ಬಂದು ರೈಟರ್ ಮೇಜಿನ ಮುಂದೆ ನಿಂತರು. ದೊಡ್ಡವಳ ಕೈಗಳು ಮಾತ್ರ ಒಂದೇ ಸಮನೆ ಆಡುತ್ತಿದ್ದವು. ಬೆರಳ ತುದಿಗಳಲ್ಲಿ ಒಣಗಿದ ಅಂಟು ಸಿಪ್ಪೆಯಂತೆ ಎದ್ದಿತ್ತು.

"ನಮ್ಮಕ್ಕನಿಗೆ ಕಿವಿ ಕೇಳಲ್ಲ, ಮಾತೂ ಬರಲ್ಲ. ಹುಟ್ಟಿದಾಗಿನಿಂದ ಹೀಗೇ," ಎಂದಳು ಚಿಕ್ಕವಳು. "ಅವಳು ಹೇಳಿದ್ದನ್ನ ನಾನು ಹೇಳ್ತೀನಿ. ಬರ್ಕೊಳ್ಳಿ."

ಅಕ್ಕ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಹಾಳೆ ಮಡಚಿ ಹೊಲಿಯುವವಳು. ಅವಳ ಗಂಡನೂ ಅಲ್ಲೇ ಕತ್ತರಿಸುವ ಯಂತ್ರದ ಮುಂದೆ. ಅವನಿಗೂ ಕಿವಿ ಕೇಳುವುದಿಲ್ಲ. ತಂಗಿ ಔಷಧಿ ಅಂಗಡಿಯ ಕೌಂಟರಿನಲ್ಲಿ. ಅಕ್ಕನ ಮಗುವಿಗೂ ಕಿವಿ ಕೇಳುವುದಿಲ್ಲ. ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ ಆದರೆ ಕೇಳಬಹುದು, ಐದು ತುಂಬುವುದರೊಳಗೆ ಆದರೆ ಮಾತೂ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಮಗುವಿಗೆ ಐದು ತುಂಬಲು ಇನ್ನು ಒಂದು ತಿಂಗಳು. ನಾಲ್ಕು ವರ್ಷ ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಕೂಡಿಸಿದ್ದರು. ಆಸ್ಪತ್ರೆಗೆ ಇಪ್ಪತ್ತೆರಡನೇ ತಾರೀಕು ಮಧ್ಯಾಹ್ನ ಹನ್ನೆರಡರೊಳಗೆ ಪೂರ್ತಿ ಹಣ ಕಟ್ಟಬೇಕು. ಇಲ್ಲವಾದರೆ ಸರದಿ ಮುಂದಿನ ಮಗುವಿಗೆ. ಮತ್ತೆ ಇವರ ಸರದಿ ಬರುವುದು ಎಂಟು ತಿಂಗಳ ಮೇಲೆ.

ಆ ದಿನ ಬೆಳಿಗ್ಗೆ ಆಸ್ಪತ್ರೆಯ ಕ್ಯಾಷಿಯರ್ ಕಾರ್ಡನ್ನು ಎರಡು ಸಲ ಉಜ್ಜಿ, "ಈ ಕಾರ್ಡು ರದ್ದಾಗಿದೆಯಮ್ಮಾ" ಎಂದು ವಾಪಸು ಕೊಟ್ಟಿದ್ದ. ಬ್ಯಾಂಕಿಗೆ ಓಡಿ ನೋಡಿದರೆ ಖಾತೆ ಖಾಲಿ. ಒಂಬತ್ತನೇ ತಾರೀಕಿನಿಂದ ಹದಿನೈದರವರೆಗೆ, ದಿನಕ್ಕೆ ಅರವತ್ತು ಸಾವಿರದಂತೆ ಏಳು ಸಲ, ಏಳು ಬೇರೆ ಬೇರೆ ಎಟಿಎಂಗಳಲ್ಲಿ ಯಾರೋ ಹಣ ತೆಗೆದಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಇನ್‌ಸ್ಪೆಕ್ಟರ್ ತಮ್ಮ ಕೋಣೆಯಿಂದ ಎದ್ದು ಬಂದರು. ಕಾರ್ಡಿನ ವಿಷಯದಲ್ಲಿ ಅವರು ದೊಡ್ಡ ಜಾಣರೇನಲ್ಲ. ಪಿನ್ ಮರೆತು ಎರಡು ಸಲ ಬ್ಲಾಕ್ ಮಾಡಿಸಿಕೊಂಡಿದ್ದರು, ಈಗ ಅದನ್ನು ಡೈರಿಯ ಹಿಂದೆ ಬರೆದಿಟ್ಟಿದ್ದರಿಂದ ಠಾಣೆಗೆಲ್ಲ ಗೊತ್ತಿತ್ತು. ಆದರೆ ಮನುಷ್ಯರ ಮುಖ ಓದುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

"ಪಿನ್ ಯಾರಿಗಾದ್ರೂ ಹೇಳಿದ್ರಾ?"

ತಂಗಿ ಕೈಯಾಡಿಸಿದಳು, ಅಕ್ಕ ತಲೆಯಾಡಿಸಿದಳು. "ಇಲ್ಲ ಸರ್."

"ಬ್ಯಾಂಕಿಗೆ ಫೋನ್ ಏನಾದ್ರೂ?"

"ನಾವು ಯಾವತ್ತೂ ಫೋನ್ ಮಾಡಿಲ್ಲ ಸರ್." ಈ ಸಲ ತಂಗಿ ಅಕ್ಕನನ್ನು ಕೇಳಲೇ ಇಲ್ಲ.

ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು. ಐದೂವರೆಗೆ ಎಫ್‌ಐಆರ್ ದಾಖಲಾಯಿತು. ಅಕ್ಕ ಸಹಿ ಹಾಕಿ, ಹೊರಡುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೆರಡರ ಮೇಲೆ ಬೆರಳಿಟ್ಟು ತೋರಿಸಿದಳು. ಅದಕ್ಕೆ ಅನುವಾದ ಬೇಕಿರಲಿಲ್ಲ.

ಹದಿನೇಳು, ಬುಧವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್ ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿದ್ದರು. ಜೊತೆಗೆ ಮಹಿಳಾ ಕಾನ್‌ಸ್ಟೆಬಲ್. ಆಕೆಗೆ ಠಾಣೆಯಲ್ಲಿ ರೇಡಿಯೊ ಎಂದೇ ಹೆಸರು. ಗುಂಡಿ ತಿರುಗಿಸದಿದ್ದರೂ ಮಾತಾಡುತ್ತಿದ್ದಳು. ವಿಭಾಗದ ಅಧಿಕಾರಿ ಇಸ್ತ್ರಿ ಮುರಿಯದ ಅಂಗಿಯ ತರುಣ. ಕಂಪ್ಯೂಟರ್ ಪರದೆ ನೋಡಿಕೊಂಡೇ ಹೇಳಿದ:

"ಸರ್, ಇದರಲ್ಲಿ ವಂಚನೆ ಏನೂ ಕಾಣಲ್ಲ. ನಾಲ್ಕನೇ ತಾರೀಕು ಹನ್ನೊಂದೂ ಇಪ್ಪತ್ತಕ್ಕೆ ಗ್ರಾಹಕರೇ ಸಹಾಯವಾಣಿಗೆ ಕರೆ ಮಾಡಿದಾರೆ. ಕಾರ್ಡೂ ಮೊಬೈಲೂ ಎರಡೂ ಕಳೆದುಹೋಗಿದೆ, ಹೊಸ ನಂಬರ್ ಹಾಕ್ಕೊಳ್ಳಿ, ಹೊಸ ಕಾರ್ಡನ್ನ ಕೊರಿಯರ್ ಆಫೀಸಿಗೇ ಕಳಿಸಿ, ಅಲ್ಲೇ ತಗೋತೀನಿ ಅಂದಿದಾರೆ. ಒಂಬತ್ತನೇ ತಾರೀಕು ಕಾರ್ಡ್ ತಗೊಂಡಿದಾರೆ."

"ಯಾರು ಕರೆ ಮಾಡಿದ್ದು?"

"ಗ್ರಾಹಕರು. ಮಾತಾಡಿ ಗುರುತು ದೃಢಪಡಿಸಿದಾರೆ."

"ಆಕೆಗೆ ಮಾತು ಬರಲ್ಲ."

ತರುಣ ಮತ್ತೊಮ್ಮೆ ಪರದೆ ನೋಡಿದ. "ಇಲ್ಲಿ ಬಂದಿದೆ ಸರ್."

ರೇಡಿಯೊ ಮುಂದಕ್ಕೆ ಬಾಗಿ ತಾನೂ ಪರದೆ ನೋಡಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಆಕೆ ಕತೆಯಲ್ಲಿ ಕೇಳಿದ್ದಳು, ಕುರ್ಚಿಯಲ್ಲಿ ಕೂತಿದ್ದನ್ನು ನೋಡಿದ್ದು ಇದೇ ಮೊದಲು.

"ಹುಟ್ಟಾ ಕಿವುಡಿ ನಿಮ್ಮ ಫೋನಿನಲ್ಲಿ ಪ್ರಶ್ನೆ ಕೇಳಿಸಿಕೊಂಡು ಉತ್ತರ ಹೇಳಿದಳಾ?" ಇನ್‌ಸ್ಪೆಕ್ಟರ್ ದನಿ ಏರಲಿಲ್ಲ.

"ಹಾಗಾದ್ರೆ ಗುರುತಿಗೆ ಅಂತ ನಾವು ಕೇಳೋ ಗುಟ್ಟಿನ ಪದವನ್ನ ಆಕೆ ಹೇಳಿಕೊಟ್ಟ ಬೇರೆ ಯಾರೋ ಮಾಡಿರಬೇಕು. ಗುಟ್ಟು ಬಿಟ್ಟುಕೊಟ್ಟರೆ ಅದು ಗ್ರಾಹಕರ ಅಜಾಗರೂಕತೆ. ಬ್ಯಾಂಕಿನ ಹೊಣೆ ಇಲ್ಲ, ಚಿಕ್ಕಾಸೂ ಸಿಗಲ್ಲ. ನಿನ್ನೆ ಶಾಖೆಯಲ್ಲೂ ಅವರಿಗೆ ಇದನ್ನೇ ಹೇಳಿದಾರೆ."

"ಗುಟ್ಟು ನಿಮ್ಮ ಕಡೆಯಿಂದಲೇ ಹೋಗಿದ್ರೆ?"

"ಆಗ ಪೂರ್ತಿ ನಮ್ಮ ಹೊಣೆ. ಆದ್ರೆ ಹಾಗೆಲ್ಲ ಆಗಲ್ಲ ಸರ್."

ಅಲ್ಲಿಗೆ ಇನ್‌ಸ್ಪೆಕ್ಟರಿಗೆ ಎರಡು ವಿಷಯ ಸ್ಪಷ್ಟವಾಯಿತು. ಮಗುವಿನ ಆಪರೇಷನ್ ಆಗುವುದು ಬಿಡುವುದು ಕದ್ದವರು ಯಾರು ಎಂಬುದರ ಮೇಲೆ ನಿಂತಿದೆ. ಮತ್ತು ತಂಗಿ ನಿನ್ನೆ ಶಾಖೆಯಲ್ಲಿ ಈ ನಿಯಮ ಕೇಳಿಸಿಕೊಂಡೇ ಠಾಣೆಗೆ ಬಂದಿದ್ದಾಳೆ. ಆ ಖಾತೆಗೆ ಸಂಬಂಧಿಸಿದ ಎಲ್ಲ ಕರೆಗಳ ಧ್ವನಿಮುದ್ರಣ, ಕರೆಗಳ ಪಟ್ಟಿ, ಎಟಿಎಂ ಕ್ಯಾಮೆರಾದ ಚಿತ್ರ, ಕೊರಿಯರ್ ರಸೀತಿ ಕೇಳಿ ಅಲ್ಲೇ ನೋಟಿಸ್ ಬರೆದು ಕೊಟ್ಟರು.

ಕ್ಯಾಮೆರಾದಲ್ಲಿ ಮುಖಕ್ಕೆ ದುಪಟ್ಟಾ ಸುತ್ತಿದ್ದ ಹೆಂಗಸು. ಕೊರಿಯರ್ ರಸೀತಿಯಲ್ಲಿ ಗೀಚಿದ ಸಹಿ, ಮಸುಕು ಮಸುಕಾದ ಗುರುತಿನ ಚೀಟಿಯ ನಕಲು. ಹೊಸ ಸಿಮ್ ಯಾರೋ ಸತ್ತವರ ದಾಖಲೆಯ ಮೇಲೆ ಮಾರಾಟವಾಗಿತ್ತು. ಮೂರೂ ದಾರಿ ಗೋಡೆಗೆ ಮುಟ್ಟಿದವು.

ಹದಿನೆಂಟು, ಗುರುವಾರ, ಮಧ್ಯಾಹ್ನ ಎರಡೂವರೆಗೆ ಧ್ವನಿಮುದ್ರಣ ಬಂತು. ನಾಲ್ಕು ವರ್ಷಗಳಲ್ಲಿ ಮಾತು ನಡೆದ ಕರೆ ಒಟ್ಟು ಎಂಟು. ಇನ್‌ಸ್ಪೆಕ್ಟರ್ ಬಾಗಿಲು ಮುಚ್ಚಿ ಮೊದಲನೆಯದನ್ನು ಹಚ್ಚಿದರು.

"ನಾನೇ ಖಾತೆದಾರಳು ಮಾತಾಡ್ತಿರೋದು," ಎಂದಿತು ತಂಗಿಯ ದನಿ.

ಮೊದಲ ಏಳೂ ಕರೆಗಳಲ್ಲಿ ಅವಳದ್ದೇ ದನಿ. ಪ್ರತಿ ಪ್ರಶ್ನೆಯ ನಂತರ ಉದ್ದನೆಯ ಮೌನ, ಆ ಮೌನದಲ್ಲಿ ಅಂಗೈಗೆ ಬೆರಳು ತಗಲುವ ಸಣ್ಣ ಸದ್ದು, ಬಳೆ ಸರಿದ ಸದ್ದು, ಆಮೇಲೆ ಉತ್ತರ. ಅಕ್ಕನನ್ನು ಕೈಸನ್ನೆಯಲ್ಲಿ ಕೇಳಿ ಹೇಳುತ್ತಿದ್ದಾಳೆಂದು ಕಿವಿಯಿದ್ದ ಯಾರಿಗೂ ಗೊತ್ತಾಗುತ್ತಿತ್ತು. ಒಂದೊಂದು ಕರೆಯೂ ಹನ್ನೊಂದು, ಹನ್ನೆರಡು ನಿಮಿಷ. ಆ ಕಡೆಯ ಆಪರೇಟರ್ ಹೆಂಗಸು ಒಮ್ಮೆಯೂ ಅವಸರ ಮಾಡಿರಲಿಲ್ಲ.

"ಹಸಿ ಹಸಿ ಸುಳ್ಳು ಹೇಳಿದಾಳಲ್ಲ ಸರ್ ಈ ತಂಗಿ," ಎಂದಳು ರೇಡಿಯೊ.

ಎಂಟನೆಯದು ನಾಲ್ಕನೇ ತಾರೀಕಿನದು. ನಾಲ್ಕೇ ನಿಮಿಷ. ಎತ್ತಿದವನು ಒಬ್ಬ ಹುಡುಗ ಆಪರೇಟರ್. ಕರೆ ಮಾಡಿದ ಹೆಂಗಸಿನ ದನಿ ತಗ್ಗಿದ್ದು, ಬಟ್ಟೆಯೊಳಗಿಂದ ಬಂದಂತೆ. ಮೌನವಿಲ್ಲ, ಬಳೆಯಿಲ್ಲ. ಹುಟ್ಟಿದ ತಾರೀಕು, ಗುಟ್ಟಿನ ಪದ ಪಟಪಟನೆ ಬಂದವು. ಹೊಸ ಮೊಬೈಲ್ ಸಂಖ್ಯೆಯನ್ನು ಎರಡೆರಡೇ ಅಂಕಿಯಾಗಿ, ನಡುವೆ ಬಿಡುವು ಕೊಟ್ಟು ಹೇಳಿದಳು. ಹುಡುಗ ತಡವರಿಸಿದಾಗ, "ಪರವಾಗಿಲ್ಲ, ಸಮಯ ತೆಗೆದುಕೊಳ್ಳಿ, ನಾನು ಲೈನಿನಲ್ಲಿಯೇ ಇದ್ದೇನೆ" ಎಂದಳು. ಕೊನೆಗೆ ಇಬ್ಬರೂ ಒಟ್ಟಿಗೇ ಮಾತಾಡಿದರು.

"ಇನ್ನೊಂದು ಸಲ ಹಾಕಿ ಸರ್, ಕೊನೇದು ಮಾತ್ರ," ಎಂದಳು ರೇಡಿಯೊ.

ಹಾಕಿದರು. ಹುಡುಗ ಹೇಳಿದ: "ಕರೆ ಮಾಡಿದ್ದಕ್ಕೆ ಧನ್ಯವಾದಗಳು." ಅದೇ ಗಳಿಗೆಗೆ ಆ ಹೆಂಗಸೂ ಹೇಳಿದಳು: "ಕರೆ ಮಾಡಿದ್ದಕ್ಕೆ ಧನ್ಯವಾದಗಳು, ನಿಮ್ಮ ದಿನ ಶುಭವಾಗಿರಲಿ."

"ಕರೆ ಮಾಡಿದವಳು ಅವಳು. ಅವಳ್ಯಾಕೆ ಕರೆ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳ್ತಾಳೆ?" ರೇಡಿಯೊ ಕುರ್ಚಿಯಿಂದ ಅರ್ಧ ಎದ್ದಿದ್ದಳು. "ಇಬ್ಬರಲ್ಲಿ ಆಪರೇಟರ್ ಯಾರು, ಗಿರಾಕಿ ಯಾರು ಅಂತಾನೇ ಗೊತ್ತಾಗ್ತಿಲ್ಲ ಸರ್. ನಾನು ರಜೆಯಲ್ಲಿ ಮನೇಲಿದ್ದಾಗಲೂ ಫೋನ್ ಎತ್ತಿದ್ರೆ ‘ಠಾಣೆ’ ಅಂತೀನಲ್ಲ, ಹಾಗೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಡ್ಯೂಟಿ ಗುಣವೂ ಹೋಗಲ್ಲ."

ಇನ್‌ಸ್ಪೆಕ್ಟರ್ ಕರೆಗಳ ಪಟ್ಟಿಯನ್ನು ಎಳೆದುಕೊಂಡರು. ಮೊದಲ ಏಳೂ ಕರೆಗಳನ್ನು ಎತ್ತಿದ್ದು ಒಬ್ಬಳೇ ಆಪರೇಟರ್, ಒಂದೇ ಸಿಬ್ಬಂದಿ ಸಂಖ್ಯೆ. ನೂರಾರು ಜನ ಕೂರುವ ಜಾಗದಲ್ಲಿ ಅದು ಆಗುವ ಮಾತಲ್ಲ. ಅವರು ಪಟ್ಟಿಯ ಮೇಲೆ ಅಡಿಪಟ್ಟಿ ಇಟ್ಟು ಸಾಲು ಸಾಲಾಗಿ ಓದಿದರು. ಪ್ರತಿ ಉದ್ದ ಕರೆಯ ಮೊದಲೂ ಅದೇ ಫೋನಿನಿಂದ ಹತ್ತು ಹನ್ನೆರಡು ತುಂಡು ಕರೆಗಳು, ಮೂರೋ ನಾಲ್ಕೋ ಸೆಕೆಂಡು, ಆ ಕಡೆಯವರು ಎತ್ತಿದ ಕೂಡಲೇ ಕಟ್. ಎಂಟನೇ ಕರೆಯ ಮೊದಲು ಅಂಥ ಒಂದೂ ಇಲ್ಲ. ಆದರೆ ಅದರ ನಂತರ ಇದ್ದವು. ಐದನೇ ತಾರೀಕು ಮಧ್ಯಾಹ್ನ ಒಂದೂವರೆಯಿಂದ ಎರಡರೊಳಗೆ ಹದಿನಾಲ್ಕು. ಆರಕ್ಕೆ ಒಂಬತ್ತು. ಎಂಟಕ್ಕೆ ಹನ್ನೊಂದು. ಎಲ್ಲವೂ ತಂಗಿಯ ಫೋನಿನಿಂದ.

"ನಾಳೆ ಅಕ್ಕತಂಗಿ ಇಬ್ಬರನ್ನೂ ಕರೆಸು," ಎಂದರು. "ಕಿವುಡು ಮಕ್ಕಳ ಶಾಲೆಯಿಂದ ಒಬ್ಬ ಮೇಷ್ಟ್ರನ್ನೂ ಕರೆಸು. ಇನ್ನು ಅಕ್ಕನ ಮಾತನ್ನ ತಂಗಿ ಬಾಯಿಂದ ಬರ್ಕೊಳ್ಳೋದು ಬೇಡ."

ಹತ್ತೊಂಬತ್ತು, ಶುಕ್ರವಾರ, ಬೆಳಿಗ್ಗೆ ಹನ್ನೊಂದು. ಇನ್‌ಸ್ಪೆಕ್ಟರ್ ಕೋಣೆಯಲ್ಲಿ ಮೇಜಿನ ಒಂದು ಬದಿ ಅಕ್ಕ, ಪಕ್ಕದಲ್ಲಿ ಶಾಲೆಯ ಮೇಷ್ಟ್ರು. ಎದುರು ಬದಿ ತಂಗಿ. ಕಿಟಕಿಯಾಚೆ ಅಂಗಳದಲ್ಲಿ ಅಕ್ಕನ ಗಂಡ ಮಗುವನ್ನು ಪೊಲೀಸ್ ಜೀಪಿನ ಚಕ್ರ ಮುಟ್ಟಲು ಬಿಟ್ಟು ನಿಂತಿದ್ದ. ಮೇಷ್ಟ್ರನ್ನು ನೋಡಿದ್ದೇ ತಂಗಿಯ ಮುಖದ ಬಣ್ಣ ಇಳಿಯಿತು.

ಇನ್‌ಸ್ಪೆಕ್ಟರ್ ಮೊದಲ ಕರೆಯನ್ನು ಹಚ್ಚಿದರು. ಅಕ್ಕನಿಗೆ ಏನೂ ಕೇಳದು. ಅವಳು ತಂಗಿಯ ಮುಖವನ್ನೇ ನೋಡುತ್ತಿದ್ದಳು.

"ಇದು ಯಾರ ದನಿ?"

"ನಂದೇ."

"ಯಾವತ್ತೂ ಫೋನ್ ಮಾಡಿಲ್ಲ ಅಂದ್ರಿ."

"ನಿಜ ಹೇಳಿದ್ರೆ ದುಡ್ಡು ಹೋಗತ್ತೆ ಸರ್. ಗುಟ್ಟಿನ ಪದ ಬೇರೆಯವರಿಗೆ ಗೊತ್ತಿತ್ತು ಅಂದ್ರೆ ಕೊಡಲ್ಲ ಅಂತ ಬ್ಯಾಂಕಲ್ಲೇ ಹೇಳಿದ್ರು. ಸುಳ್ಳು ಹೇಳಿದ್ರೆ ನೀವು ಹಿಡೀತೀರ. ಅತ್ತ ದರಿ ಇತ್ತ ಪುಲಿ. ಯಾವ ಕಡೆ ಬಿದ್ದರೂ ಮಗು ಹೋಯ್ತು." ಅವಳು ಅಕ್ಕನ ಕಡೆ ಬೆರಳು ತೋರಿಸಿದಳು. "ಅವಳು ಬ್ಯಾಂಕಿಗೆ ಹೋದ್ರೆ ಸಹಾಯವಾಣಿಗೆ ಮಾಡಿ ಅಂತಾರೆ. ಸಹಾಯವಾಣಿಗೆ ನಾನು ಮಾಡಿದ್ರೆ ಖಾತೆದಾರರೇ ಮಾತಾಡಲಿ ಅಂತಾರೆ. ಎಲ್ಲಿಂದ ಮಾತಾಡಿಸ್ಲಿ ಸರ್? ಒಂದ್ಸಲ ಅಕ್ಕನಿಗೆ ಮಾತು ಬರಲ್ಲ ಅಂತ ನಿಜ ಹೇಳಿದ್ದಕ್ಕೆ ಖಾತೇನೇ ತಡೆಹಿಡೀತೀವಿ ಅಂದ್ರು. ಅವತ್ತಿಂದ ಅಕ್ಕ ಅಂತಲೇ ಮಾತಾಡೋಕೆ ಶುರು ಮಾಡಿದೆ."

"ಏಳು ಸಲವೂ ಒಬ್ಬಳೇ ಆಪರೇಟರ್ ಸಿಕ್ಕಿದ್ದು ಹೇಗೆ?"

"ಮೊದಲ ಸಲ ಸಿಕ್ಕಿದವರು ಒಳ್ಳೆಯವರು. ನಾನು ಅಕ್ಕನ್ನ ಕೇಳೋವರೆಗೂ ಸುಮ್ಮನೆ ಇರ್ತಿದ್ರು. ಗೊತ್ತಾಗಿತ್ತು ಅವರಿಗೆ, ಆದ್ರೂ ಏನೂ ಅನ್ನಲಿಲ್ಲ. ಗುಟ್ಟಿನ ಪದ ಏನು ಇಡೋಣ ಅಂತ ಅವರು ಕೇಳಿದಾಗ ಅಕ್ಕ ‘ಗೂಬೆ’ ಅಂತ ಸನ್ನೆ ಮಾಡಿದ್ಲು, ನನಗೆ ಅವಳು ಕರೆಯೋ ಹೆಸರು. ನಾನು ಹೇಳಿದ್ದಕ್ಕೆ ಅವರು ನಕ್ಕಿದ್ರು. ಆಮೇಲೆ ಬೇರೆಯವರು ಎತ್ತಿದ್ರೆ ಇಟ್ಟುಬಿಟ್ಟು, ಅವರು ಎತ್ತೋವರೆಗೂ ಮಾಡ್ತಿದ್ದೆ."

ಮೇಷ್ಟ್ರ ಕೈಗಳು ಇದೆಲ್ಲವನ್ನೂ ಅಕ್ಕನಿಗೆ ಮುಟ್ಟಿಸುತ್ತಿದ್ದವು. ಅಲ್ಲಿಯವರೆಗೆ ಅವಳಿಗೆ ಗೊತ್ತಿರದ ಸಂಗತಿಯೇನೂ ಬಂದಿರಲಿಲ್ಲ.

"ಐದನೇ ತಾರೀಕು ಹದಿನಾಲ್ಕು ಸಲ ಯಾಕೆ ಮಾಡಿದ್ರಿ?"

ತಂಗಿ ಮೇಜಿನ ಅಂಚು ಹಿಡಿದಳು. ನಾಲ್ಕನೇ ತಾರೀಕು ಅಕ್ಕನ ಹಳೆಯ ನಂಬರಿಗೆ ಒಂದು ಸಂದೇಶ ಬಂದಿತ್ತು: ನಿಮ್ಮ ಮೊಬೈಲ್ ಸಂಖ್ಯೆ ಬದಲಾಗಿದೆ, ನೀವಲ್ಲದಿದ್ದರೆ ಕೂಡಲೇ ಕರೆ ಮಾಡಿ. ಸಂಜೆ ಅಕ್ಕ ಅದನ್ನು ತೋರಿಸಿದಳು. ಔಷಧಿ ಅಂಗಡಿಯಲ್ಲಿ ಫೋನ್ ಡ್ರಾಯರಿನಲ್ಲಿ ಇಡಬೇಕು, ಊಟದ ಅರ್ಧ ಗಂಟೆ ಮಾತ್ರ ಕೈಗೆ ಸಿಗುವುದು. ಆ ಅರ್ಧ ಗಂಟೆಯಲ್ಲಿ ಮೂರು ದಿನ ಮೂವತ್ತನಾಲ್ಕು ಸಲ ಪ್ರಯತ್ನಿಸಿದಳು. ಆ ದನಿ ಸಿಗಲೇ ಇಲ್ಲ. ಬೇರೆಯವರ ಹತ್ತಿರ ಬಾಯಿ ಬಿಟ್ಟರೆ, ಆಪರೇಷನ್ನಿನ ಹೊತ್ತಿಗೆ ಸರಿಯಾಗಿ ಖಾತೆ ತಡೆಹಿಡಿದರೆ ಏನು ಗತಿ ಎಂದು ಹೆದರಿದಳು.

"ಅಕ್ಕ ದಿನಾ ಸಂಜೆ ಕೇಳ್ತಿದ್ಲು. ಮೂರನೇ ದಿನ ಹೇಳಿಬಿಟ್ಟೆ, ಮಾತಾಡಿದೆ, ಏನೂ ಇಲ್ವಂತೆ, ಸುಮ್ಮನೆ ಬರೋ ಮೆಸೇಜಂತೆ ಅಂತ."

ಮೇಷ್ಟ್ರ ಕೈಗಳು ನಿಂತವು. ಅವರು ಇನ್‌ಸ್ಪೆಕ್ಟರ್ ಕಡೆ ತಿರುಗಿ, "ಇದನ್ನೂ ಹೇಳಬೇಕಾ ಸರ್?" ಎಂದರು.

"ಹೇಳಿ."

ಹೇಳಿದರು. ಕಾರ್ಡ್ ಕಳ್ಳರ ಕೈ ಸೇರಿದ್ದು ಒಂಬತ್ತಕ್ಕೆ. ಐದಕ್ಕೋ ಆರಕ್ಕೋ ಎಂಟಕ್ಕೋ ಯಾರಾದರೂ ಒಬ್ಬರೊಡನೆ ಒಂದು ಮಾತು ಆಡಿದ್ದರೆ ಎಲ್ಲವೂ ನಿಂತುಹೋಗುತ್ತಿತ್ತು. ಅಕ್ಕನಿಗೆ ಲೆಕ್ಕ ಹಾಕಲು ಬಹಳ ಹೊತ್ತು ಬೇಕಾಗಲಿಲ್ಲ. ಅವಳು ಎದ್ದು ಮೇಜು ಸುತ್ತಿ ಬಂದು ತಂಗಿಯ ಭುಜಕ್ಕೆ ಎರಡೂ ಕೈಯಿಂದ ಗುದ್ದಿದಳು. ಗಂಟಲಿನಿಂದ ಒಂದು ಸದ್ದು ಬಂತು, ಅದು ಯಾವ ಭಾಷೆಯದ್ದೂ ಆಗಿರಲಿಲ್ಲ, ಆದರೆ ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ತಂಗಿ ತಪ್ಪಿಸಿಕೊಳ್ಳಲಿಲ್ಲ. ಕೊನೆಗೆ ರೇಡಿಯೊ ಅಕ್ಕನನ್ನು ತಬ್ಬಿ ಹಿಡಿದು ಕೂರಿಸಿದಳು, ನೀರು ಕುಡಿಸಿದಳು. ಸ್ವಂತ ಕಣ್ಣನ್ನು ತೋಳಿನಿಂದ ಒರೆಸಿಕೊಂಡಳು.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಇನ್‌ಸ್ಪೆಕ್ಟರ್ ಎಂಟನೇ ಕರೆಯನ್ನು ಹಚ್ಚಿದರು.

ತಂಗಿ ಕಣ್ಣು ಮುಚ್ಚಿ ಕೇಳಿದಳು. "ಪರವಾಗಿಲ್ಲ, ಸಮಯ ತೆಗೆದುಕೊಳ್ಳಿ" ಎಂಬಲ್ಲಿಗೆ ಬಂದಾಗ ಕಣ್ಣು ತೆರೆದಳು.

"ಯಾರು?"

ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ನೋಡಮ್ಮ," ಇನ್‌ಸ್ಪೆಕ್ಟರ್ ಮುಂದಕ್ಕೆ ಬಾಗಿದರು. "ಕದ್ದವಳು ನೀನಲ್ಲ ಅಂತ ನನಗೆ ಗೊತ್ತು. ಕದ್ದವಳು ಮೂವತ್ತನಾಲ್ಕು ಸಲ ಬ್ಯಾಂಕಿಗೆ ಫೋನ್ ಮಾಡಲ್ಲ. ಆದ್ರೆ ಹೆಸರು ಹಿಡಿದು ಹೇಳದಿದ್ರೆ ಬ್ಯಾಂಕು ನಿನ್ನ ಕಡೆಯೇ ಬೆರಳು ತೋರಿಸತ್ತೆ. ಆ ದನಿಯನ್ನ ಗುರುತು ಹಿಡಿಯೋಳು ನಮ್ಮ ಕಡೆ ನೀನೊಬ್ಬಳೇ."

ತಂಗಿ ಅಕ್ಕನ ಕಡೆ ತಿರುಗಿ ಕೈಯೆತ್ತಿದಳು. ಮೇಷ್ಟ್ರು ಮೆಲ್ಲಗೆ ಕನ್ನಡಕ್ಕೆ ತಂದರು: "ನಮಗೋಸ್ಕರ ಕಾಯ್ತಿದ್ದಳಲ್ಲ, ಅವಳೇ. ಅವಳ ದನೀನೇ. ಹೇಳಲಾ?"

ಅಕ್ಕ ತಂಗಿಯ ಮುಖ ನೋಡಿದಳು. ಅವಳು ಎಂದೂ ಕೇಳದ ದನಿ ಅದು. ಆದರೆ ನಾಲ್ಕು ವರ್ಷ, ಆ ದನಿಯಿದ್ದ ದಿನ ತಂಗಿಯ ಮುಖದಲ್ಲಿ ಹೆದರಿಕೆ ಇರುತ್ತಿರಲಿಲ್ಲ ಎಂಬುದನ್ನು ಅವಳು ಕಂಡಿದ್ದಳು. ಕಿಟಕಿಯಾಚೆ ಮಗು ಜೀಪಿನ ಹಾರ್ನ್ ಒತ್ತಿತು, ಠಾಣೆಯಲ್ಲಿ ಎಲ್ಲರೂ ಬೆಚ್ಚಿದರು, ಮಗುವೂ ಅದರ ತಂದೆತಾಯಿಯೂ ಬಿಟ್ಟು. ಅಕ್ಕ ತುಟಿಯ ಬಳಿಯಿಂದ ಬೆರಳನ್ನು ಮುಂದಕ್ಕೆ ಚಾಚಿದಳು.

"ಹೇಳು ಅಂತಿದಾರೆ," ಎಂದರು ಮೇಷ್ಟ್ರು.

ಇಪ್ಪತ್ತು, ಶನಿವಾರ, ಬೆಳಿಗ್ಗೆ ಬ್ಯಾಂಕಿನಿಂದ ಆ ಸಿಬ್ಬಂದಿ ಸಂಖ್ಯೆಯ ವಿವರ ಬಂತು. ಎಂಟು ವರ್ಷ ಸೇವೆ. ಐದು ತಿಂಗಳ ಹಿಂದೆ ವಜಾ. ಕಾರಣ: ಕರೆಗಳ ಪರಿಶೀಲನೆಯಲ್ಲಿ, ಖಾತೆದಾರರಲ್ಲದ ವ್ಯಕ್ತಿಯೊಡನೆ ಏಳು ಬಾರಿ ವ್ಯವಹರಿಸಿರುವುದು ಮತ್ತು ನಿಗದಿತ ಸಮಯ ಮೀರಿ ಕರೆ ಮುಂದುವರಿಸಿರುವುದು. ಇನ್‌ಸ್ಪೆಕ್ಟರ್ ಆ ಹಾಳೆಯನ್ನು ಎರಡು ಸಲ ಓದಿ ರೇಡಿಯೊ ಕೈಗೆ ಕೊಟ್ಟರು. ಅವಳು ಓದಿ ಏನೂ ಹೇಳದಿದ್ದದ್ದು ಠಾಣೆಯ ಇತಿಹಾಸದಲ್ಲೇ ಮೊದಲು.

ಮಧ್ಯಾಹ್ನ ಮೂರೂ ಕಾಲಿಗೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯ ಬಾಗಿಲು ತಟ್ಟಿದರು. ನಲವತ್ತರ ಆಸುಪಾಸಿನ ಹೆಂಗಸು ಬಾಗಿಲು ತೆರೆದಳು.

"ನಮಸ್ಕಾರ, ಹೇಳಿ, ಏನು ಸಹಾಯ ಬೇಕಿತ್ತು?"

ಕೇಳಿದ ಮೇಲೆ ಅವಳಿಗೆ ಸಮವಸ್ತ್ರ ಕಂಡಿತು. ಓಡಲಿಲ್ಲ, ವಾದಿಸಲಿಲ್ಲ. ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ದಿಂಬಿನ ಚೀಲದೊಳಗೆ ಎರಡು ಲಕ್ಷದ ಅರವತ್ತು ಸಾವಿರ, ಅಕ್ಕನ ಹೆಸರಿನ ಹೊಸ ಕಾರ್ಡ್, ಸಿಮ್, ದುಪಟ್ಟಾ. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ರಸೀತಿ ಒಂದು: ಪ್ರಯೋಗಾಲಯ ಸಹಾಯಕರ ತರಬೇತಿ, ಒಂದು ವರ್ಷದ ಶುಲ್ಕ ಒಂದು ಲಕ್ಷದ ಅರವತ್ತು ಸಾವಿರ. ನಾಲ್ಕೂವರೆಗೆ ದಸ್ತಗಿರಿ.

ದಸ್ತಗಿರಿಯ ವರದಿ, ಧ್ವನಿ ಗುರುತಿಸಿದ ಹೇಳಿಕೆ ಎಲ್ಲವನ್ನೂ ಇನ್‌ಸ್ಪೆಕ್ಟರ್ ಅಂದೇ ಸಂಜೆ ಬ್ಯಾಂಕಿಗೆ ತಾವೇ ಒಯ್ದು ಕೊಟ್ಟರು. ಗುಟ್ಟು ಬ್ಯಾಂಕಿನ ಒಳಗಿನಿಂದಲೇ ಹೋಗಿದೆ, ಹೊಣೆ ನಿಮ್ಮದೇ, ಮಗುವಿನ ಆಪರೇಷನ್ನಿಗೆ ಸೋಮವಾರ ಮಧ್ಯಾಹ್ನದವರೆಗೆ ಮಾತ್ರ ಸಮಯ ಎಂದರು. ಇಸ್ತ್ರಿ ಮುರಿಯದ ತರುಣ ಈ ಸಲ ಪರದೆ ನೋಡಲಿಲ್ಲ, ಇವರ ಮುಖವನ್ನೇ ನೋಡಿ, ಮೇಲಿನವರಿಗೆ ಬರೆಯುತ್ತೇನೆ ಎಂದ. ಬರೆದ ಕೂಡ. ಮೇಲಿನವರು ಭಾನುವಾರ ರಜೆಯಲ್ಲಿದ್ದರು.

ಇಪ್ಪತ್ತೆರಡು, ಸೋಮವಾರ, ಹತ್ತೂವರೆಗೆ ಇನ್‌ಸ್ಪೆಕ್ಟರ್ ನ್ಯಾಯಾಲಯದಲ್ಲಿದ್ದರು. ವಶಪಡಿಸಿಕೊಂಡ ಹಣವನ್ನಾದರೂ ಬಿಡುಗಡೆ ಮಾಡಬೇಕೆಂದು ಅರ್ಜಿ. ಬ್ಯಾಂಕಿನ ಆಕ್ಷೇಪಣೆ ಕೇಳದೆ ಬಿಡುವಂತಿಲ್ಲ ಎಂದು ನ್ಯಾಯಾಧೀಶರು ಇಪ್ಪತ್ತೇಳಕ್ಕೆ ಮುಂದೂಡಿದರು. ರೇಡಿಯೊ ಆಸ್ಪತ್ರೆಯಲ್ಲಿದ್ದಳು. ತಂಗಿ ತನ್ನ ಸ್ಕೂಟರು, ಕಿವಿಯೋಲೆ, ಅಂಗಡಿಯ ಮಾಲೀಕರು ಕೊಟ್ಟ ಮುಂಗಡ ಎಲ್ಲ ಸೇರಿಸಿ ತೊಂಬತ್ತೊಂದು ಸಾವಿರ ಕ್ಯಾಷಿಯರ್ ಮುಂದೆ ಇಟ್ಟಳು. ಬೈಂಡಿಂಗ್ ಕಾರ್ಖಾನೆಯವರು ಚಂದಾ ಎತ್ತಿದ್ದು ಮೂವತ್ತೆರಡು ಸಾವಿರ. ಕ್ಯಾಷಿಯರ್ ಕೆಟ್ಟವನಲ್ಲ. ಒಳಗೆ ಹೋಗಿ ಎರಡು ಸಲ ಕೇಳಿ ಬಂದ. ಹನ್ನೆರಡೂ ಕಾಲಿಗೆ, ಪಟ್ಟಿಯಲ್ಲಿ ಮುಂದಿದ್ದ ಮಗುವಿನ ಅಪ್ಪನಿಗೆ ಆಸ್ಪತ್ರೆಯಿಂದ ಫೋನ್ ಹೋಯಿತು.

ಎಂಟು ತಿಂಗಳ ಮೇಲೂ ಮಾಡಬಹುದು, ಸದ್ದು ಕೇಳಿಸುತ್ತದೆ, ಮಾತಿನ ಭರವಸೆ ಮಾತ್ರ ಕೊಡಲಾರೆ ಎಂದರು ಡಾಕ್ಟರು. ಇದನ್ನು ಅಕ್ಕನಿಗೆ ಕೈಸನ್ನೆಯಲ್ಲಿ ಹೇಳಬೇಕಾದವಳು ತಂಗಿ. ಮೇಷ್ಟ್ರು ಅಲ್ಲಿರಲಿಲ್ಲ. ಅವಳು ಒಂದಕ್ಷರವೂ ಬಿಡದೆ ಹೇಳಿದಳು ಎಂದು ರೇಡಿಯೊ ಆಮೇಲೆ ಹೇಳಿದಳು. ಬ್ಯಾಂಕಿನ ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಖಾತೆಗೆ ಬಂದದ್ದು ಇಪ್ಪತ್ತೊಂಬತ್ತಕ್ಕೆ, ವಿಷಾದದ ಪತ್ರವೊಂದರ ಸಮೇತ.

ಇಪ್ಪತ್ತೆರಡರ ಸೋಮವಾರವೇ, ಮಧ್ಯಾಹ್ನ ಮೂರು ಗಂಟೆಗೆ ಆರೋಪಿಯ ಹೇಳಿಕೆ ಶುರುವಾಯಿತು. ಇನ್‌ಸ್ಪೆಕ್ಟರ್ ಕೇಳಿದರು, ರೇಡಿಯೊ ಬರೆದುಕೊಂಡಳು.

"ಕೆಲಸ ಹೋದ ಮೇಲೆ?"

"ಒಂಬತ್ತು ಕಡೆ ಹೋದೆ ಸರ್. ಎಲ್ಲರೂ ಹಳೇ ಕಂಪನಿಯ ಪತ್ರ ಕೇಳ್ತಾರೆ. ಪತ್ರದಲ್ಲಿ ಗ್ರಾಹಕರ ಗುರುತು ಪರಿಶೀಲಿಸದ ಕಾರಣ ಅಂತ ಇದೆ. ಫೋನಿನ ಕೆಲಸ ಇನ್ನು ಸಿಗಲ್ಲ ಅಂತ ಗೊತ್ತಾಯ್ತು. ಯಾರ ಜೊತೆಗೂ ಮಾತಾಡಬೇಕಿಲ್ಲದ ಕೆಲಸ ಕಲಿಯೋಣ ಅಂದ್ಕೊಂಡೆ."

"ಅಷ್ಟು ಖಾತೆಗಳಲ್ಲಿ ಇದೇ ಯಾಕೆ? ಮಗುವಿನ ಆಪರೇಷನ್ ವಿಷಯ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಕೊನೇ ಕರೆಯಲ್ಲಿ ಅವರೇ ಕೇಳಿದ್ರು, ಆಸ್ಪತ್ರೆಯಲ್ಲಿ ಇಷ್ಟು ದೊಡ್ಡ ಮೊತ್ತ ಒಂದೇ ಸಲ ಉಜ್ಜಬಹುದಾ ಅಂತ." ಅವಳ ದನಿ ಈಗಲೂ ಅದೇ ಹದದಲ್ಲಿತ್ತು, ಪ್ರತಿ ವಾಕ್ಯವೂ ಬರೆದುಕೊಳ್ಳಲು ಬಿಡುವು ಕೊಟ್ಟು. "ಅದಕ್ಕೇ ಇದು ಸರ್. ಬೇರೆ ಯಾರದ್ದು ತೆಗೆದರೂ ಗ್ರಾಹಕರೇ ಮಾತಾಡಿದಾರೆ ಅಂತ ಬ್ಯಾಂಕು ಕೈ ತೊಳ್ಕೊಳ್ಳುತ್ತೆ, ಅವರು ಮುಳುಗ್ತಾರೆ. ಇವರ ವಿಷಯದಲ್ಲಿ ಹಾಗನ್ನೋಕೆ ಆಗಲ್ಲ ಅಂದ್ಕೊಂಡೆ. ಮಾತು ಬಾರದವಳು ಫೋನಿನಲ್ಲಿ ಮಾತಾಡಿದಳು ಅಂತ ಯಾವ ಬ್ಯಾಂಕು ತಾನೇ ಹೇಳುತ್ತೆ? ದೂರು ಕೊಟ್ಟ ದಿನವೇ ವಾಪಸು ಹಾಕ್ತಾರೆ, ನಷ್ಟ ಬ್ಯಾಂಕಿಗೆ, ಅವರಿಗೇನೂ ಆಗಲ್ಲ. ಮಗುವಿನ ಆಪರೇಷನ್ ನಿಲ್ಲಲ್ಲ ಅಂತ ನೂರು ಸಲ ಯೋಚನೆ ಮಾಡಿಯೇ ಮಾಡಿದ್ದು." ಅವಳು ತಲೆಯೆತ್ತಿದಳು. "ಇವತ್ತು ಇಪ್ಪತ್ತೆರಡಲ್ವಾ ಸರ್? ಕಟ್ಟೋಕೆ ಇವತ್ತೇ ಕೊನೇ ದಿನ ಅಂತ ನೀವೇ ಹೇಳಿದ್ರಿ. ಹಣ ಬಂತಲ್ಲ?"

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ರೇಡಿಯೊ ಹೇಳಿದಳು, ಎರಡೇ ವಾಕ್ಯದಲ್ಲಿ.

ಆ ಹೆಂಗಸು ಅಳಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಕೇಳಿದ್ದು ಅರ್ಥವಾಗದವಳಂತೆ ಇಬ್ಬರನ್ನೂ ನೋಡಿದಳು. ಆಮೇಲೆ ಹೇಳಿಕೆಯ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

"ಬೇರೆ ಏನಾದ್ರೂ ಸೇರಿಸೋದಿದೆಯಾ?" ಎಂದರು ಇನ್‌ಸ್ಪೆಕ್ಟರ್.

"ಬ್ಯಾಂಕಿನವರು ಕೊಡ್ತಾರೆ ಅಂತ ನಂಬಿದ್ದು ನನ್ನ ತಪ್ಪು ಅಂತ ಬರ್ಕೊಳ್ಳಿ."

"ಕದ್ದಿದ್ದು?"

"ಅದು ತಪ್ಪು ಅಂತ ಗೊತ್ತಿದ್ದೇ ಮಾಡಿದ್ದು ಸರ್. ಇದು ಗೊತ್ತಿಲ್ಲದೆ ಮಾಡಿದ್ದು."

ರೇಡಿಯೊ ಎರಡನ್ನೂ ಬರೆದುಕೊಂಡಳು. ಹೆಂಗಸು ಓದಿ ನೋಡಿ ಸಹಿ ಹಾಕಿದಳು. ಆಗ ಗಂಟೆ ಮೂರೂ ನಲವತ್ತು.